ಯಂತ್ರ ಜಾತಿ ಕೇಳಲ್ಲ, ಮೀಟರ್ ಬಿಲ್ ಕೇಳುತ್ತೆ

ಗೆಳೆಯರೇ, ಇವತ್ತಿನದು ಸ್ವಲ್ಪ ಉದ್ದ ಆಗುತ್ತೆ. ಪುರುಸೊತ್ತು ಮಾಡ್ಕೊಂಡು ಓದಿ. ನಿಮ್ಮ ಮನೇಲಿ ಐಟಿಐ, ಡಿಪ್ಲೊಮಾ ಮುಗಿಸಿ ಕೆಲಸ ಹುಡುಕ್ತಿರೋ ಹುಡುಗರಿದ್ರೆ ಅವರಿಗೂ ಓದೋಕೆ ಕೊಡಿ.

ಏಪ್ರಿಲ್ 14ರ ಜಯಂತಿ ಹೊತ್ತಿಗೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪೋಸ್ಟರ್ ಓಡಾಡ್ತು. ಎಡಗಡೆ ನೀಲಿ ಕೋಟಿನ ಬಾಬಾಸಾಹೇಬರು, ಬಲಗಡೆ ಹೊಳೆಯೋ ಬಿಟ್‌ಕಾಯಿನ್. ರೂಪಾಯಿಯ ಸಮಸ್ಯೆಗೆ ಬಾಬಾಸಾಹೇಬರು ನೂರು ವರ್ಷದ ಹಿಂದೆಯೇ ಹೇಳಿದ ಪರಿಹಾರ ಇದೇ ಅಂತ ಮಧ್ಯದಲ್ಲಿ ದಪ್ಪಕ್ಷರ. ಕೆಳಗೆ, ಮನೆಯಲ್ಲೇ ಗ್ರಾಫಿಕ್ಸ್ ಕಾರ್ಡ್ ಹಾಕಿ ಮೈನಿಂಗ್ ಯಂತ್ರ ಕಟ್ಟಿಕೊಡ್ತೀವಿ, ಕೂತಲ್ಲೇ ದುಡಿಮೆ, ಯಾರ ಕೈಕೆಳಗೂ ಇರಬೇಕಾಗಿಲ್ಲ ಅಂತ. ಅದಕ್ಕೆ ನೂರಾರು ‘ಜೈ ಭೀಮ್’ ಬಿದ್ದವು. ನಮ್ಮ ಸಂಘಟನೆಯ ಕೆಲವರೇ ಅದನ್ನ ಮುಂದಕ್ಕೆ ಕಳಿಸಿದ್ರು.

ಮೊದಲು ಪುಸ್ತಕದ ವಿಚಾರ ಮುಗಿಸ್ತೀನಿ, ಯಾಕಂದ್ರೆ ನಮ್ಮವರು ಬಾಬಾಸಾಹೇಬರ ಫೋಟೊ ನೋಡಿದ ಕೂಡಲೇ ಮುಂದಿನದನ್ನ ಓದದೇ ನಂಬಿಬಿಡ್ತಾರೆ. ಇದು ಮಾರೋರಿಗೂ ಗೊತ್ತು.

‘ದಿ ಪ್ರಾಬ್ಲಮ್ ಆಫ್ ದಿ ರುಪೀ’ ಬಂದದ್ದು 1923ರಲ್ಲಿ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಬಾಬಾಸಾಹೇಬರು ಬರೆದ ಡಿ.ಎಸ್ಸಿ. ಪ್ರಬಂಧ ಅದು. ಆಗ ಅವರಿಗೆ 32 ವರ್ಷ. ಕೀನ್ಸ್ ಅಂಥ ಕೀನ್ಸ್ ಭಾರತಕ್ಕೆ ಚಿನ್ನದ ವಿನಿಮಯ ಪದ್ಧತಿ ಒಳ್ಳೇದು ಅಂತ ಬರೆದಿದ್ದಾಗ, ಅಲ್ಲ ಸ್ವಾಮಿ, ಇದರಲ್ಲಿ ಸರ್ಕಾರ ಮನಸ್ಸಿಗೆ ಬಂದಷ್ಟು ರೂಪಾಯಿ ಹೊರಡಿಸಬಹುದು, ಹೊರಡಿಸಿದಷ್ಟೂ ರೂಪಾಯಿ ಕೊಳ್ಳೋ ಶಕ್ತಿ ಕರಗುತ್ತೆ, ಅದಕ್ಕೊಂದು ಗಟ್ಟಿ ಮಿತಿ ಬೇಕು ಅಂತ ಎದುರು ವಾದ ಹೂಡಿದರು. ಪೋಸ್ಟರ್‌ನವರು ಹಿಡ್ಕೊಂಡಿರೋದು ಈ ‘ಮಿತಿ’ ಅನ್ನೋ ಪದವನ್ನ. ಬಿಟ್‌ಕಾಯಿನ್ ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ಹುಟ್ಟಲ್ಲ, ಹಾಗಾಗಿ ಇದು ಬಾಬಾಸಾಹೇಬರ ನಾಣ್ಯ ಅಂತ.

ಆದರೆ ಅವರು ಮಿತಿ ಕೇಳಿದ್ದು ಯಾತಕ್ಕೆ ಅನ್ನೋದನ್ನ ನೋಡಬೇಕಲ್ವಾ? ರೂಪಾಯಿ ಇವತ್ತು ಎಷ್ಟು ಅಕ್ಕಿ ಕೊಳ್ಳುತ್ತೋ ನಾಳೆನೂ ಅಷ್ಟೇ ಕೊಳ್ಳಬೇಕು ಅಂತ. ರೂಪಾಯಿ ವಿನಿಮಯ ದರ ಇಳಿದಾಗ ದೇಶಕ್ಕೆ ಲಾಭ ಅಂತ ಹೇಳ್ತಿದ್ದವರಿಗೆ ಅವರು ಕೊಟ್ಟ ಉತ್ತರ ನನಗೆ ಆ ಪುಸ್ತಕದಲ್ಲೇ ತುಂಬಾ ಇಷ್ಟ. ಆ ಲಾಭ ಎಲ್ಲಿಂದಲೋ ಹೊಸದಾಗಿ ಬಂದದ್ದಲ್ಲ, ದೇಶದೊಳಗಿನ ಒಂದು ವರ್ಗದ ಜೇಬಿಂದ ಇನ್ನೊಂದು ವರ್ಗದ ಜೇಬಿಗೆ ಹೋದದ್ದು ಅಂತ ಅದರ ತಿರುಳು. ಬೆಲೆ ಏರಿದಾಗ ಕೂಲಿ ಅದೇ ವೇಗದಲ್ಲಿ ಏರಲ್ಲ, ಏಟು ತಿನ್ನೋನು ಕೂಲಿಯವನು. ಈಗ ಬಿಟ್‌ಕಾಯಿನ್ ನೋಡಿ. 2021ರ ನವೆಂಬರಲ್ಲಿ ಒಂದಕ್ಕೆ 69 ಸಾವಿರ ಡಾಲರ್ ಹತ್ತಿರ ಹೋಯ್ತು. ಒಂದೇ ವರ್ಷಕ್ಕೆ, 2022ರ ನವೆಂಬರಲ್ಲಿ, 16 ಸಾವಿರಕ್ಕಿಂತ ಕೆಳಗೆ ಬಿತ್ತು. 2024ರ ಡಿಸೆಂಬರಲ್ಲಿ ಒಂದು ಲಕ್ಷ ಡಾಲರ್ ದಾಟಿತು. ಶನಿವಾರ ಇದರಲ್ಲಿ ಕೂಲಿ ಇಸ್ಕೊಂಡು ಸೋಮವಾರ ಸಂತೆಗೆ ಹೋಗೋಕಾಗುತ್ತಾ? ಏರಿದಾಗ ಮಾರಿ ಕಾಸು ಮಾಡಿದವರು ಇರಬಹುದು, ಅದು ಬೇರೆ ಮಾತು. ಅದಕ್ಕೆ ಬಾಬಾಸಾಹೇಬರ ಫೋಟೊ ಬೇಕಾಗಿಲ್ಲ.

(ಇದರ ಜೊತೆ ಬರೋ ಇನ್ನೊಂದು ಫಾರ್ವರ್ಡ್, ರಿಸರ್ವ್ ಬ್ಯಾಂಕ್ ಅವರ ಪುಸ್ತಕದಿಂದಲೇ ಹುಟ್ಟಿತು ಅನ್ನೋದು. ಹಿಲ್ಟನ್ ಯಂಗ್ ಆಯೋಗದ ಮುಂದೆ 1925ರಲ್ಲಿ ಬಾಬಾಸಾಹೇಬರು ಸಾಕ್ಷ್ಯ ಹೇಳಿದರು, ಆ ಆಯೋಗ ಕೇಂದ್ರ ಬ್ಯಾಂಕ್ ಬೇಕು ಅಂದಿತು, 1935ರ ಏಪ್ರಿಲ್ 1ಕ್ಕೆ ಬ್ಯಾಂಕ್ ಶುರುವಾಯ್ತು. ಇಷ್ಟೇ ಹೇಳಿದ್ರೂ ಅವರ ದೊಡ್ಡತನಕ್ಕೆ ಏನೂ ಕಡಿಮೆ ಆಗಲ್ಲ. ಉಪ್ಪು ಖಾರ ಹಚ್ಚಿದ್ರೆ ನಾಳೆ ಯಾರೋ ತಪ್ಪು ತೋರಿಸಿ ನಮ್ಮನ್ನೇ ನಗ್ತಾರೆ.)

ಇನ್ನು ಯಂತ್ರದ ವಿಚಾರ. ನಮ್ಮಲ್ಲಿ ಬಹಳ ಜನಕ್ಕೆ ಇದು ಏನು ಅಂತಾನೇ ಗೊತ್ತಿಲ್ಲ. ಕರ್ನಾಟಕದಲ್ಲಿ ಬಿಟ್‌ಕಾಯಿನ್ ಅಂದ್ರೆ ಟಿವಿಯಲ್ಲಿ ಬಂದ ಹಗರಣ, ಅಷ್ಟೇ. ಸರಳವಾಗಿ ಹೇಳ್ತೀನಿ. ಯಾರು ಯಾರಿಗೆ ಎಷ್ಟು ನಾಣ್ಯ ಕಳಿಸಿದರು ಅನ್ನೋ ಲೆಡ್ಜರ್ ಒಂದು ಬ್ಯಾಂಕಲ್ಲಿ ಇರಲ್ಲ, ಲೋಕದ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಇರುತ್ತೆ. ಆ ಲೆಡ್ಜರ್‌ಗೆ ಹೊಸ ಪುಟ ಸೇರಿಸೋ ಹಕ್ಕಿಗೆ ಕಂಪ್ಯೂಟರ್‌ಗಳು ಪೈಪೋಟಿ ನಡೆಸ್ತವೆ. ಪೈಪೋಟಿ ಅಂದ್ರೆ ಬುದ್ಧಿಯದ್ದಲ್ಲ, ಬರೀ ಊಹೆ. ಒಂದು ನಂಬರ್ ಹಾಕಿ ನೋಡೋದು, ಸರಿ ಹೋಗಲಿಲ್ವಾ, ಇನ್ನೊಂದು. ಒಂದು ಹಳೇ ಗ್ರಾಫಿಕ್ಸ್ ಕಾರ್ಡ್ ಒಂದು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಹೀಗೆ ಊಹೆ ಮಾಡುತ್ತೆ. ಸರಿ ನಂಬರ್ ಹೊಡೆದವನಿಗೆ ಹೊಸ ನಾಣ್ಯ. ಒಬ್ಬನಿಗೆ ಹೊಡೆಯೋದು ಲಾಟರಿ ಥರ ಆದ್ದರಿಂದ ಎಲ್ಲರೂ ‘ಪೂಲ್’ ಅನ್ನೋ ಗುಂಪಿಗೆ ಸೇರಿ, ಬಂದದ್ದನ್ನ ಮಾಡಿದ ಕೆಲಸದ ಪ್ರಕಾರ ಹಂಚಿಕೊಳ್ತಾರೆ.

ಇದರಲ್ಲಿ ನೆನಪಿಡಬೇಕಾದ್ದು ಒಂದು. ಕಣದಲ್ಲಿ ರಾಶಿ ಅಷ್ಟೇ ಇರುತ್ತೆ. ಕೂಲಿಗೆ ಬಂದೋರು ಹತ್ತು ಜನ ಆದ್ರೆ ಒಂದು ಪಾಲು, ನೂರು ಜನ ಆದ್ರೆ ಇನ್ನೊಂದು ಪಾಲು. ಹೊಸ ಯಂತ್ರಗಳು ಸೇರಿದಷ್ಟೂ ಲೆಕ್ಕ ತಾನಾಗೇ ಕಷ್ಟ ಆಗೋ ಹಾಗೆ ಅದನ್ನ ಬರೆದಿದ್ದಾರೆ. ನೀವು ಹೆಚ್ಚು ದುಡಿದರೆ ರಾಶಿ ಹೆಚ್ಚಾಗಲ್ಲ.

ಬಿಟ್‌ಕಾಯಿನನ್ನ ಮನೆಯ ಗ್ರಾಫಿಕ್ಸ್ ಕಾರ್ಡಲ್ಲಿ ತೆಗೆಯೋ ಕಾಲ 2013ರ ಹೊತ್ತಿಗೇ ಮುಗೀತು. ಅದಕ್ಕೇ ಅಂತ ಮಾಡಿದ ಏಸಿಕ್ ಅನ್ನೋ ಯಂತ್ರಗಳು ಬಂದವು. ಕಾರ್ಡ್‌ನವರಿಗೆ ಉಳಿದದ್ದು 2015ರಲ್ಲಿ ಶುರುವಾದ ಇಥೀರಿಯಂ. 2021ರಲ್ಲಿ, ಲಾಕ್‌ಡೌನ್ ಹೊತ್ತಲ್ಲಿ, ಅದರ ಬೆಲೆ ಮುಗಿಲಿಗೆ ಹೋದಾಗ ಒಂದು ಕಾರ್ಡ್ ದಿನಕ್ಕೆ ಎರಡು ಡಾಲರ್ ದುಡಿದ ದಿನಗಳಿದ್ದವು. ಅಂಗಡಿಗಳಲ್ಲಿ ಕಾರ್ಡ್ ಸಿಗ್ತಿರಲಿಲ್ಲ, ನಾಲ್ಕು ವರ್ಷ ಹಳೇ ಕಾರ್ಡ್ ಹೊಸದಕ್ಕಿಂತ ಹೆಚ್ಚು ಬೆಲೆಗೆ ಹೋಯ್ತು. ಆಟ ಆಡೋ ಹುಡುಗರಿಗೆ ಸಿಗಲಿ ಅಂತ ಎನ್‌ವಿಡಿಯಾ ಕಂಪನಿ ಮೈನಿಂಗ್ ವೇಗವನ್ನ ಅರ್ಧಕ್ಕೆ ಇಳಿಸೋ ಕಾರ್ಡ್ ಮಾಡಬೇಕಾಯ್ತು. ಆಮೇಲೆ 2022ರ ಸೆಪ್ಟೆಂಬರ್ 15ಕ್ಕೆ ಇಥೀರಿಯಂ ಈ ಪದ್ಧತಿಯನ್ನೇ ಕೈಬಿಟ್ಟಿತು. ಈಗ ಅಲ್ಲಿ ಊಹೆಯ ಪೈಪೋಟಿ ಇಲ್ಲ, ನಾಣ್ಯ ಒತ್ತೆ ಇಟ್ಟವನಿಗೆ ಹಕ್ಕು. ದುಡ್ಡಿದ್ದವನಿಗೆ ದುಡ್ಡು ಅಂತ ಬಾಯಿಬಿಟ್ಟೇ ಹೇಳಿದ ಹಾಗಾಯ್ತು, ಒಂದು ರೀತಿ ಪ್ರಾಮಾಣಿಕತೆ. ಅದರ ಕರೆಂಟ್ ಖರ್ಚೂ ನೂರಕ್ಕೆ 99ಕ್ಕಿಂತ ಹೆಚ್ಚು ಇಳೀತು. ಲೋಕದ ಲಕ್ಷಾಂತರ ಕಾರ್ಡುಗಳು ಒಂದೇ ರಾತ್ರಿಗೆ ನಿರುದ್ಯೋಗಿ. ಅವೆಲ್ಲಾ ಇಥೀರಿಯಂ ಕ್ಲಾಸಿಕ್, ರೇವನ್‌ಕಾಯಿನ್, ಎರ್ಗೊ ಅಂತ ಸಣ್ಣ ನಾಣ್ಯಗಳಿಗೆ ನುಗ್ಗಿದವು. ಕಣ ಚಿಕ್ಕದು, ಕೂಲಿಯವರು ಜಾಸ್ತಿ. ಪಾಲು ಪುಡಿಗಾಸು.

ಉಳಿದ ಕಾರ್ಡುಗಳನ್ನ ಅವರು ಮಾರಿದರು. ಅವೇ ಈಗ ಕೈಯಿಂದ ಕೈಗೆ ದಾಟಿ ನಮ್ಮ ಕೇರಿಗೆ ಬರ್ತಿರೋದು. ಮೇಲಿನ ಬೀದಿಯ ಹಳೇ ಬಟ್ಟೆ, ತಂಗಳು ಅನ್ನ ನಮ್ಮಜ್ಜಿಯರ ಕಾಲಕ್ಕೆ ಮುಗೀತು ಅಂದ್ಕೊಂಡಿದ್ವಿ.

ನನ್ನ ಅಕ್ಕನ ಮಗನ ಮನೆಯಲ್ಲಿ ಇಂಥದ್ದೊಂದು ಯಂತ್ರ ನಾಲ್ಕು ತಿಂಗಳು ಓಡಿತು. ಅವನ ಅನುಮತಿ ತಗೊಂಡೇ ಬರೀತಿದೀನಿ. ಐಟಿಐ ಎಲೆಕ್ಟ್ರಾನಿಕ್ಸ್ ಮಾಡಿದ್ದಾನೆ. ಒಂದು ಕಾರ್ಖಾನೇಲಿ ಕಾಂಟ್ರಾಕ್ಟ್ ಮೇಲೆ ಒಂಬತ್ತು ತಿಂಗಳು ದುಡಿಸ್ಕೊಂಡು ಗೇಟ್ ಪಾಸ್ ವಾಪಸ್ ಇಸ್ಕೊಂಡರು. ಯಂತ್ರವನ್ನ ಅವನೇ ಕಟ್ಟಿದ. ಅದು ನೋಡೋಕೆ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಗುಜರಿಯ ಕಬ್ಬಿಣದ ಆಂಗಲ್‌ನಲ್ಲಿ ಚೌಕಟ್ಟು. ಅದರ ಮೇಲೆ ಸಾಲಾಗಿ ಆರು ಆರ್‌ಎಕ್ಸ್ 580 ಕಾರ್ಡು, ಎಂಟು ಜಿಬಿಯವು. ನಾಲ್ಕು ಜಿಬಿಯವನ್ನ ಅಗ್ಗಕ್ಕೆ ಕೊಡ್ತೀನಿ ಅಂದವನಿಗೆ ಇವನೇ ಪಾಠ ಮಾಡಿ ಬಂದನಂತೆ, ಮೈನಿಂಗ್‌ಗೆ ಬೇಕಾದ ಫೈಲು ನಾಲ್ಕು ಜಿಬಿಯಲ್ಲಿ ಹಿಡಿಸದೆ 2020ರ ಕೊನೆಗೇ ಅವು ಇಥೀರಿಯಂನಿಂದ ಹೊರಬಿದ್ದವು ಅಂತ. ಕಾರ್ಡ್ ನೇರ ಮದರ್‌ಬೋರ್ಡಿಗೆ ಕೂರಲ್ಲ, ರೈಸರ್ ಅನ್ನೋ ಸಣ್ಣ ಪಟ್ಟಿ, ಯುಎಸ್‌ಬಿ ವೈರ್ ಮೂಲಕ ಸಿಕ್ಕಿಸಬೇಕು. ಆ ರೈಸರ್‌ಗೆ ಸಾಟಾ ಪಿನ್ನಿಂದ ಕರೆಂಟ್ ಕೊಟ್ಟರೆ ಸುಡುತ್ತೆ, ಯಾಕಂದ್ರೆ ಆ ಪಿನ್ ತಡೆಯೋದು 54 ವಾಟ್, ಕಾರ್ಡ್ ಸ್ಲಾಟ್‌ನಿಂದ 75 ವಾಟ್‌ವರೆಗೂ ಎಳೆಯಬಹುದು. ಆರು ಪಿನ್ನಿನದ್ದೇ ಹಾಕಬೇಕು. ಇದನ್ನೆಲ್ಲ ಅವನು ಇಂಗ್ಲಿಷ್ ವಿಡಿಯೊ ನೋಡಿ, ನಿಲ್ಲಿಸಿ ನಿಲ್ಲಿಸಿ ಅರ್ಥ ಮಾಡ್ಕೊಂಡಿದ್ದ. ಲಿನಕ್ಸ್ ಮೇಲೆ ಓಡೋ ಹೈವ್ ಓಎಸ್ ಹಾಕಿದ್ದ. ವೋಲ್ಟೇಜ್ ಇಳಿಸಿ, ಮೆಮೊರಿ ವೇಗ ಏರಿಸಿ, ಒಂದೊಂದು ಕಾರ್ಡಿಂದ 30 ಮೆಗಾಹ್ಯಾಶ್ ತೆಗೀತಿದ್ದ. ಬಿ.ಎ. ಓದಿದ ನನಗೆ ಇದರಲ್ಲಿ ಅರ್ಧ ಅವನೇ ಕಲಿಸಿದ್ದು.

ಯಾಕೋ ಇದೇ ಬೇಕಾಗಿತ್ತು, ಒಂದು ಮೊಬೈಲ್ ರಿಪೇರಿ ಅಂಗಡಿ ಹಾಕಬಹುದಿತ್ತಲ್ಲ ಅಂದೆ. ಅವನು ಹೇಳಿದ ಮಾತು ನನ್ನ ತಲೇಲಿ ಇನ್ನೂ ಕೂತಿದೆ.

‘ಮಾವ, ಅಂಗಡಿ ಹಾಕೋಕೆ ಮೊದಲು ಬಾಡಿಗೆ ಮಳಿಗೆ ಕೊಡಬೇಕಲ್ಲ. ಎರಡು ಕಡೆ ಯಾವ ಊರು, ಯಾವ ಬೀದಿ, ಯಾರ ಮಗ ಅಂತ ಕೇಳಿದ್ರು. ಆಮೇಲೆ ಬೇರೆಯವರಿಗೆ ಮಾತಾಗಿದೆ ಅಂದ್ರು. ಇದಕ್ಕೆ ನನ್ನ ಹೆಸರೂ ಬೇಡ, ಊರೂ ಬೇಡ. ಯಂತ್ರ ಜಾತಿ ಕೇಳಲ್ಲ.’

ಸಂಗಾತಿಗಳೇ, ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ನಮ್ಮ ಹುಡುಗರು ಇದಕ್ಕೆ ಬೀಳೋದು ಬರೀ ದುರಾಸೆಗೆ ಅಂದ್ಕೊಂಡ್ರೆ ನಮಗೆ ಏನೂ ಅರ್ಥ ಆಗಿಲ್ಲ ಅಂತ. ಗಿರಾಕಿಯ ಮುಖ ನೋಡಬೇಕಾಗಿಲ್ಲದ ವ್ಯಾಪಾರ ಇದು. ಟೀ ಅಂಗಡಿ ಇಟ್ಟರೆ ನಮ್ಮ ಕೈಯಲ್ಲಿ ಕುಡಿಯಲ್ಲ, ಹೋಟೆಲ್ ಇಟ್ಟರೆ ಒಂದು ತಿಂಗಳಲ್ಲಿ ಬೋರ್ಡ್ ಇಳಿಸಬೇಕು, ಕೋಳಿ ಸಾಕಿದ್ರೂ ಯಾರ ಕೋಳಿ ಅಂತ ಕೇಳ್ತಾರೆ. ಈ ದೇಶದಲ್ಲಿ ಮುಖ ಮುಚ್ಚಿಕೊಂಡು ದುಡಿಯೋಕೆ ಒಂದು ದಾರಿ ಇದೆ ಅಂದ್ರೆ ಹೋಗೋಣ ಅನ್ಸಲ್ವಾ? ನಮ್ಮ ಸಭೆಗಳಲ್ಲಿ ಬಂಡವಾಳಶಾಹಿ ಜೂಜು ಅಂತ ಎರಡು ಮಾತು ಬೈದು ಟೀ ಕುಡಿದು ಎದ್ದು ಬರ್ತೀವಿ. ಆ ಹುಡುಗ ಕೇಳಿದ ಪ್ರಶ್ನೆಗೆ ಅದು ಉತ್ತರ ಅಲ್ಲ.

ಉತ್ತರ ಲೆಕ್ಕದಲ್ಲಿ ಇದೆ. ನಾನು ಕಚೇರೀಲಿ ವೋಚರ್ ಬರೆಯೋ ಗುಮಾಸ್ತ, ನನಗೆ ಬರೋದು ಇದೊಂದೇ.

ಕಾರ್ಡು ಒಂದಕ್ಕೆ 6,500ರಂತೆ ಆರಕ್ಕೆ 39 ಸಾವಿರ. ಮದರ್‌ಬೋರ್ಡು, ಪ್ರೊಸೆಸರ್, ರ್‍ಯಾಮ್ ಹಳೇದು, 9 ಸಾವಿರ. ಪವರ್ ಸಪ್ಲೈ ಎರಡು, 11 ಸಾವಿರ. ರೈಸರ್ 3 ಸಾವಿರ, ಫ್ಯಾನು, ಡಿಸ್ಕು, ಚೌಕಟ್ಟು 3 ಸಾವಿರ. ಒಟ್ಟು 65 ಸಾವಿರ. ಅದರಲ್ಲಿ 40 ಸಾವಿರ ನಮ್ಮಕ್ಕ ಸಂಘದಲ್ಲಿ ತೆಗೆದ ಸಾಲ. ವಾರ ವಾರ ಕಟ್ಟಬೇಕು. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯೋಕೆ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯ್ತು ಅನ್ನೋದು ನಿಮಗೆ ನೆನಪಿರಲಿ. ಅಕ್ಕ ಗಾರ್ಮೆಂಟ್ಸ್‌ಗೆ ಹೋಗ್ತಾಳೆ, ಬೆಳಗಿನ ರೈಲಿಗೆ.

ದುಡಿಮೆ: ದಿನಕ್ಕೆ ಆರೂ ಕಾರ್ಡು ಸೇರಿ 45 ರೂಪಾಯಿ ಆಸುಪಾಸು. ತಿಂಗಳಿಗೆ 1,350.

ಕರೆಂಟು: ಪ್ಲಗ್ಗಿಗೆ ಸಿಕ್ಕಿಸೋ ವಾಟ್ ಮೀಟರ್ ಒಂದನ್ನ ತರಿಸಿ ನೋಡಿದ್ವಿ. ತಂತ್ರಾಂಶ ತೋರಿಸೋದು ಬರೀ ಕಾರ್ಡಿನ ಚಿಪ್ ತಿನ್ನೋದನ್ನ, ಗೋಡೆಯ ಪ್ಲಗ್ಗಿನಲ್ಲಿ ಲೆಕ್ಕ ಬೇರೆ. 870 ವಾಟ್ ತೋರಿಸಿತು. 24 ಗಂಟೆಗೆ 21 ಯೂನಿಟ್, ತಿಂಗಳಿಗೆ 626. ನಿಗದಿತ ಶುಲ್ಕ, ತೆರಿಗೆ, ಸರ್‌ಚಾರ್ಜ್ ಸೇರಿ ಮನೆಯ ಬಿಲ್ 4,500 ಚಿಲ್ಲರೆ.

ಹಂಗಾದ್ರೆ ಯಾರಾದ್ರೂ ಯಾಕೆ ಹಾಕ್ತಾರೆ? ಗೃಹಜ್ಯೋತಿ. ‘200 ಯೂನಿಟ್ ಫ್ರೀ’ ಅನ್ನೋದನ್ನ ಮಾರೋನು ಮೊದಲ ವಾಕ್ಯದಲ್ಲೇ ಹೇಳ್ತಾನೆ. ಪೂರ್ತಿ ಓದಿದವರು ಕಡಿಮೆ. 200 ಅನ್ನೋದು ಮೇಲಿನ ಮಿತಿ, ಎಲ್ಲರಿಗೂ ಕೊಡೋ ಪಡಿ ಅಲ್ಲ. ನಿಮ್ಮ ಮನೆಯ 2022-23ರ ಸರಾಸರಿ ಬಳಕೆಯ ಮೇಲೆ ಶೇಕಡಾ 10, ಸರಾಸರಿ ತೀರಾ ಕಡಿಮೆ ಇರೋ ಮನೆಗಳಿಗೆ ಆಮೇಲೆ 10 ಯೂನಿಟ್ ಅಂತ ಮಾಡಿದ್ರು. ಅಕ್ಕನ ಮನೆ ಸರಾಸರಿ 40. ಎರಡು ಬಲ್ಬು, ಒಂದು ಫ್ಯಾನು, ಟಿವಿ. ಅವಳಿಗೆ ಸಿಗೋ ಫ್ರೀ 50 ಯೂನಿಟ್. ಅದನ್ನ ದಾಟಿದ್ರೆ ದಾಟಿದಷ್ಟಕ್ಕೆ ದುಡ್ಡು, 200 ದಾಟಿದ್ರೆ ಪೂರ್ತಿ ಬಿಲ್. ಅಂದ್ರೆ ಆ ಯಂತ್ರ ಹಾಕಿದ ಮೊದಲ ತಿಂಗಳೇ, ಬಡವಳು ಅಂತ ಅವಳಿಗೆ ಸಿಗ್ತಿದ್ದ ಆ 50 ಯೂನಿಟ್ಟೂ ಹೋಯ್ತು. ಇಲ್ಲಿ ಇನ್ನೊಂದು ಮಜಾ ನೋಡಿ. ಎರಡು ಎಸಿ, ಗೀಸರ್ ಇದ್ದು 180 ಸುಡ್ತಿದ್ದ ಮನೆಗೆ 198 ಫ್ರೀ. 40 ಸುಡ್ತಿದ್ದವಳಿಗೆ 50. ಹಿಂದೆ ಎಷ್ಟು ಅನುಭವಿಸಿದ್ದೆಯೋ ಅದರ ಮೇಲೆ ಈಗಿನ ಪಾಲು. ಈ ಸೂತ್ರ ನಮಗೆ ಹೊಸದೇನೂ ಅಲ್ಲ. ಗೃಹಜ್ಯೋತಿ ಬೇಡ ಅಂತ ನಾನು ಹೇಳ್ತಿಲ್ಲ, ಅಕ್ಕನ ಹತ್ರ ಆ ಮಾತಾಡಿದ್ರೆ ಪೊರಕೆ ತಗೋತಾಳೆ. ಆದರೆ ಈ ಸರಾಸರಿ ಸೂತ್ರದ ಬಗ್ಗೆ ನಮ್ಮ ಸಂಘಟನೆಗಳು ಒಂದು ಮನವಿ ಪತ್ರ ಕೂಡ ಕೊಟ್ಟಿದ್ದು ನಾನು ನೋಡಿಲ್ಲ.

ಸರಿ, ಕರೆಂಟ್ ಪೂರ್ತಿ ಫ್ರೀ ಅಂತಾನೇ ಇಟ್ಕೊಳ್ಳಿ. ಯಾರೋ ಪುಣ್ಯಾತ್ಮ ಕಂಬದಿಂದಲೇ ಎಳೆದುಕೊಟ್ಟ ಅಂತ ಇಟ್ಕೊಳ್ಳಿ (ಹಾಗೆ ಮಾಡಿದ್ರೆ ಯಾರ ಮನೆ ಹುಡುಗನ ಮೇಲೆ ಕೇಸ್ ಮೊದಲು ಬೀಳುತ್ತೆ ಅಂತ ನಾನು ಹೇಳಬೇಕಾಗಿಲ್ಲ). 65 ಸಾವಿರಕ್ಕೆ ತಿಂಗಳಿಗೆ 1,350 ಅಂದ್ರೆ ಅಸಲು ಬರೋಕೇ 48 ತಿಂಗಳು. ನಾಲ್ಕು ವರ್ಷ. ಅದೂ ಬಡ್ಡಿ ಸೇರಿಸದೆ. ಐದಾರು ವರ್ಷ ಹಗಲೂ ರಾತ್ರಿ ಇನ್ನೊಬ್ಬರ ಮನೇಲಿ ಬೆಂದು ಬಂದ ಕಾರ್ಡಿನ ಫ್ಯಾನು ನಾಲ್ಕು ತಿಂಗಳಲ್ಲೇ ಎರಡು ನಿಂತವು.

ಬಿಸಿ ಇನ್ನೊಂದು. 870 ವಾಟ್ ಎಳೆದದ್ದಷ್ಟೂ ಕೊನೆಗೆ ಶಾಖ ಆಗುತ್ತೆ, ಬೇರೆ ಎಲ್ಲೂ ಹೋಗಲ್ಲ. ಶೀಟ್ ಮನೆಯ ನಡುಮನೇಲಿ ಮಾರ್ಚ್ ಏಪ್ರಿಲಲ್ಲಿ ಹೀಟರ್ ಹಚ್ಚಿಟ್ಟು ಮಲಗಿದ ಹಾಗೆ. ಅಕ್ಕ ಹೊರಗೆ ಜಗುಲಿ ಮೇಲೆ ಮಲಗ್ತಿದ್ಲು. ಆಶ್ರಯ ಮನೆಗಳ ವೈರಿಂಗ್ ನೀವು ನೋಡಿದ್ದೀರಿ. ಅರ್ಥಿಂಗ್ ಹೆಸರಿಗೆ ಮಾತ್ರ. ಮಂಜೂರಾದ ಲೋಡು ಒಂದು ಕಿಲೋವಾಟ್. ನಾಲ್ಕು ಆಂಪಿಯರ್ ಹಗಲೂ ರಾತ್ರಿ ನಿಲ್ಲದೆ ಹರಿದ್ರೆ ಅಗ್ಗದ ಎಕ್ಸ್‌ಟೆನ್ಷನ್ ಬೋರ್ಡು ಬೆಣ್ಣೆ ಥರ ಕರಗುತ್ತೆ. ಅವನು ಐಟಿಐ ಹುಡುಗ, 16 ಆಂಪಿಯರ್ ಸಾಕೆಟ್‌ಗೆ ಬೇರೆ ವೈರ್ ಎಳೆದಿದ್ದ. ಎಲ್ಲರೂ ಎಳೆಯಲ್ಲ. ಅವನ ವಿಚಾರದಲ್ಲಿ ನನಗೆ ಭಯ ಇದ್ದದ್ದು ಬಿಲ್ ಬಗ್ಗೆ, ಬೇರೆಯವರ ವಿಚಾರದಲ್ಲಿ ಬೆಂಕಿ ಬಗ್ಗೆ.

ನಮ್ಮದು ಕೋಲಾರ ಸೀಮೆ. ‘ಮೈನಿಂಗ್’ ಅನ್ನೋ ಪದ ಇಲ್ಲಿ ಯಾರಿಗೂ ಹೊಸದಲ್ಲ. ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟ್ ತೆಗೆದು 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿ ಎಳೆದದ್ದು ಕೆಜಿಎಫ್ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೇ ದೀಪ ಬಂದದ್ದು 1905ರಲ್ಲಿ. ಮೊದಲು ಯಂತ್ರಕ್ಕೆ, ಆಮೇಲೆ ಪಟ್ಟಣಕ್ಕೆ. ಆ ಗಣಿಯೊಳಗೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್ ಕಡೆಯಿಂದ, ಚಿತ್ತೂರಿಂದ ಬಂದ ನಮ್ಮ ಜನ. ಊರಿನ ಜೀತಕ್ಕಿಂತ ಮೂರು ಕಿಲೋಮೀಟರ್ ಆಳದ ಕತ್ತಲೆ ವಾಸಿ ಅಂತ ಬಂದವರು. ಅಲ್ಲೂ ಇದೇ ಮಾತಿತ್ತು, ಗಣಿಗೆ ಜಾತಿ ಇಲ್ಲ, ಇಳಿಯೋ ಧೈರ್ಯ ಇದ್ರೆ ಸಾಕು ಅಂತ. ಚಿನ್ನ ಲಂಡನ್ನಿಗೆ ಹೋಯ್ತು, ಅವರು ತಟ್ಟಿ ಮನೇಲಿ ಉಳಿದರು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಅವರ ಮಕ್ಕಳು, ಮೊಮ್ಮಕ್ಕಳು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದಿನಗೂಲಿಗೆ ಓಡಾಡ್ತಿದ್ದಾರೆ. ಸೈನೈಡ್ ದಿಬ್ಬಗಳ ದೂಳು ಮಾತ್ರ ಊರಲ್ಲೇ ಉಳಿದಿದೆ.

ಆದರೆ ಒಂದು ವ್ಯತ್ಯಾಸ ಇದೆ, ಅದೇ ನನಗೆ ಮುಖ್ಯ ಅನ್ಸೋದು. ಆ ಗಣಿಯಲ್ಲಿ ಸಾವಿರಾರು ಜನ ಒಟ್ಟಿಗಿದ್ದರು. ಹಾಗಾಗಿ ಯೂನಿಯನ್ ಆಯ್ತು, ಮುಷ್ಕರ ಆಯ್ತು, ಬುದ್ಧ ವಿಹಾರ ಬಂತು, ಓದಿದ ಒಂದು ಪೀಳಿಗೆ ಎದ್ದಿತು. ಈ ಹೊಸ ಗಣಿಯಲ್ಲಿ ಹುಡುಗ ಒಬ್ಬನೇ. ಅವನೇ ಮಾಲೀಕ, ಅವನೇ ಕೂಲಿ, ಅವನೇ ಸಾಲಗಾರ. ಯಾರ ವಿರುದ್ಧ ಮುಷ್ಕರ ಮಾಡ್ತಾನೆ? ಕಾರ್ಡು ಕೆಟ್ಟರೆ ಅವನ ತಪ್ಪು, ನಾಣ್ಯ ಬಿದ್ದರೆ ಅವನ ಹಣೆಬರಹ. ಜಾತಿ ಕೇಳದ ಯಂತ್ರದ ಮುಂದೆ ಕೂರೋಕೆ ಬೇಕಾದ್ದು ಏನೇನು ನೋಡಿ: ಮೊದಲೇ ಕೈಯಲ್ಲಿರೋ ದುಡ್ಡು, ಸ್ವಂತ ಮನೆ, ಗಟ್ಟಿ ವೈರಿಂಗ್, ಹೋಗದ ಕರೆಂಟು, ಬೆಲೆ ಬಿದ್ದಾಗ ಎರಡು ವರ್ಷ ಕಾಯೋ ತಾಕತ್ತು. ಇವೆಲ್ಲಾ ಯಾರ ಮನೇಲಿ ಇವೆ ಅಂತ ಜಾತಿಗಣತಿ ಮಾಡಿಸಬೇಕಾ?

ತೆರಿಗೆಯ ಮಾತು ಚುಟುಕಾಗಿ. 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಶೇಕಡಾ 30 ತೆರಿಗೆ. ಮಿತಿ ದಾಟಿದ ಮಾರಾಟಕ್ಕೆ ಶೇಕಡಾ 1 ಟಿಡಿಎಸ್. ನಾಣ್ಯ ಕೊಂಡ ಬೆಲೆ ಬಿಟ್ಟು ಬೇರೆ ಯಾವ ಖರ್ಚನ್ನೂ ಕಳೆಯೋ ಹಾಗಿಲ್ಲ, ಕರೆಂಟ್ ಬಿಲ್ಲನ್ನೂ. ಮೈನಿಂಗ್‌ಗೆ ಹಾಕಿದ ಯಂತ್ರದ ಖರ್ಚನ್ನ ಕೊಂಡ ಬೆಲೆ ಅಂತ ಒಪ್ಪಲ್ಲ ಅಂತ ಹಣಕಾಸು ಸಚಿವಾಲಯ 2022ರಲ್ಲಿ ಸಂಸತ್ತಲ್ಲೇ ಹೇಳಿದೆ. ಅಂದ್ರೆ 1,350 ಬಂದು 4,500 ಹೋದ್ರೂ ಕಾನೂನಿನ ಕಣ್ಣಿಗೆ ನಿಮಗೆ ನಷ್ಟ ಇಲ್ಲ.

ಯಂತ್ರವೇ ಬೇಡ, ನಮ್ಮ ಆ್ಯಪಲ್ಲಿ ದುಡ್ಡು ಹಾಕಿ, ನಿಮ್ಮ ಹೆಸರಲ್ಲಿ ಎಲ್ಲೋ ದೂರದಲ್ಲಿ ಯಂತ್ರ ಓಡುತ್ತೆ ಅನ್ನೋರ ಬಗ್ಗೆ ಜಾಸ್ತಿ ಬರೆಯಲ್ಲ. ಗೇನ್‌ಬಿಟ್‌ಕಾಯಿನ್ ಅಂತ ಒಂದಿತ್ತು, ತಿಂಗಳಿಗೆ ಶೇಕಡಾ 10ರಂತೆ 18 ತಿಂಗಳು ಕೊಡ್ತೀವಿ ಅಂದಿತ್ತು. ಅದನ್ನ ನಡೆಸಿದವನನ್ನ 2018ರಲ್ಲಿ ಪುಣೆ ಪೊಲೀಸರು ಹಿಡಿದರು. ಮನೆಯ ಯಂತ್ರದಲ್ಲಾದ್ರೂ ಕೊನೆಗೆ ಕಬ್ಬಿಣ ಉಳಿಯುತ್ತೆ, ಇಲ್ಲಿ ಅದೂ ಇಲ್ಲ. ನಮ್ಮ ಗುಂಪಲ್ಲಿ ಇಂಥ ಲಿಂಕ್ ಹಾಕಿದವರನ್ನ ನಾನು ತೆಗೀತೀನಿ, ಸಂಬಂಧಿಕರಾದ್ರೂ.

ಹಂಗಂತ ಎಲ್ಲ ಕಿತ್ತು ಗುಜರಿಗೆ ಹಾಕಿ ಅನ್ನೋ ಸಂಗಾತಿಗಳ ಜೊತೆನೂ ನಾನಿಲ್ಲ. ಒಬ್ಬ ಹುಡುಗ ಆರು ಕಾರ್ಡನ್ನ ಒಂದು ಬೋರ್ಡಿಗೆ ಕೂರಿಸಿ, ಲಿನಕ್ಸ್ ಹಾಕಿ, ವಾಟ್ ಲೆಕ್ಕ ಹಿಡಿದು ಓಡಿಸ್ತಾನೆ ಅಂದ್ರೆ ಅದು ವಿದ್ಯೆ. ಕ್ಯಾಂಪಸ್ ಇಂಟರ್‌ವ್ಯೂಗೆ ಬಂದವರು ಅದನ್ನ ಕೇಳಲ್ಲ, ಅವನೂ ಅದನ್ನ ಅರ್ಜೀಲಿ ಬರೆಯಲ್ಲ, ಹೇಳಿದ್ರೆ ಮರ್ಯಾದೆ ಹೋಗುತ್ತೆ ಅಂತ. ನಾನು ಬರೆಸಿದೀನಿ. ಕಾರ್ಡುಗಳಲ್ಲಿ ಮೂರನ್ನ ಕೊಂಡದ್ದಕ್ಕಿಂತ ಕಡಿಮೆಗೆ ಮಾರಿ ಸಂಘದ ಸಾಲದಲ್ಲಿ ಒಂದಿಷ್ಟು ತೀರಿಸಿದ. ಒಂದರ ಬಯೋಸ್ ಮತ್ತೆ ಮೊದಲಿನ ಹಾಗೆ ಮಾಡಿ, ಪೇಸ್ಟ್ ಬದಲಾಯಿಸಿ, ಹಳೇ ಡಬ್ಬಕ್ಕೆ ಹಾಕಿ ನಮ್ಮ ಅಂಬೇಡ್ಕರ್ ಭವನದಲ್ಲಿ ಇಟ್ಟಿದ್ದಾನೆ. ಜಯಂತಿಯ ವಿಡಿಯೊ ಎಡಿಟ್ ಆದದ್ದು ಅದರಲ್ಲೇ. ಸಂಜೆ ಎರಡು ಗಂಟೆ ಓಡಿದ್ರೆ ತಿಂಗಳಿಗೆ ಹದಿನೈದು ಯೂನಿಟ್ ಆಗಬಹುದು. ಉಳಿದ ಎರಡು ಅವನ ಹತ್ರ ಇವೆ. ಸಾಲ ಇನ್ನೂ ಮುಗಿದಿಲ್ಲ, ಅಕ್ಕ ಇನ್ನೂ ಅದೇ ರೈಲಿಗೆ ಹೋಗ್ತಿದ್ದಾಳೆ, ಕೆಲಸ ಇನ್ನೂ ಸಿಕ್ಕಿಲ್ಲ. ಅಂಗಡಿಗೆ ಮಳಿಗೆ ಕೇಳೋಕೆ ಈ ಸಲ ನಾವು ನಾಲ್ಕು ಜನ ಜೊತೆಗೆ ಹೋಗ್ತೀವಿ. ಸಂಘಟನೆ ಇರೋದು ಇಂಥದ್ದಕ್ಕೂ ಹೌದು ತಾನೆ?

ಕಾಮೆಂಟಲ್ಲಿ ಲೆಕ್ಕ ಪ್ರಶ್ನೆ ಮಾಡೋರು ಮಾಡಿ, ಕಾರ್ಡಿನ ಹೆಸರು, ವಾಟ್, ನಿಮ್ಮ ಬಿಲ್ಲಿನ ದರ ಹಾಕಿ ಮಾಡಿ. ಯಾವ ನಾಣ್ಯ ಯಾವಾಗ ಏರುತ್ತೆ ಅಂತ ನನ್ನ ಕೇಳಬೇಡಿ. ಆ ವಾಟ್ ಮೀಟರ್ ನನ್ನ ಹತ್ರಾನೇ ಇದೆ. ನಿಮ್ಮ ಕೇರೀಲಿ ಯಾರಾದ್ರೂ ಯಂತ್ರ ಹಾಕಿದ್ರೆ, ಹಾಕಬೇಕು ಅಂತ ಹೊರಟಿದ್ರೆ, ಬಂದು ತಗೊಂಡು ಹೋಗಿ. ಒಂದು ದಿನ ಪೂರ್ತಿ ಸಿಕ್ಕಿಸಿ ಬಿಡಿ, ಬಂದ ಯೂನಿಟ್ಟನ್ನ ಅವರ ತಾಯಿ ಕೈಗೆ ಬರೆದುಕೊಡಿ. ವಾರದೊಳಗೆ ವಾಪಸ್ ತಂದುಕೊಡಿ, ಇನ್ನೂ ಇಬ್ಬರು ಕಾಯ್ತಿದ್ದಾರೆ.

ಜೈ ಭೀಮ್.